ಮೊದಲ ಸಲ ಆರ್‌ಟಿಎ ಕಟ್ಟುವವರಿಗೆ: ತಂತಿಗಿಂತ ಬತ್ತಿ ಮುಖ್ಯ

ಸಿಗರೇಟು ಬಿಟ್ಟು ವೇಪಿಂಗ್‌ಗೆ ಬಂದವರು ಸಾಮಾನ್ಯವಾಗಿ ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಕಾಯಿಲ್‌ನಿಂದಲೇ ಶುರು ಮಾಡುತ್ತಾರೆ. ಲಿಕ್ವಿಡ್ ಕಾಯಿಸಿ ಹಬೆ ಮಾಡುವ ತಂತಿಯ ಸುರುಳಿಯೇ ಕಾಯಿಲ್. ಬ್ರಿಟನ್‌ನಲ್ಲಿ ಐದು ಕಾಯಿಲ್ ಇರುವ ಪ್ಯಾಕ್‌ಗೆ ಸುಮಾರು 10ರಿಂದ 15 ಪೌಂಡ್ ಆಗುತ್ತದೆ. ಒಂದೊಂದು ಕಾಯಿಲ್ ಒಂದೆರಡು ವಾರ ಬರುತ್ತದೆ. ಸಿಹಿ ಜಾಸ್ತಿ ಇರುವ ಲಿಕ್ವಿಡ್ ಹಾಕಿದರೆ ಅಷ್ಟೂ ಬರುವುದಿಲ್ಲ. ಸುಟ್ಟ ರುಚಿ ಬಂತು ಅಂದರೆ ಇಡೀ ಕಾಯಿಲನ್ನೇ ಎಸೆಯಬೇಕು. ಆದರೆ ಆ ಪುಟ್ಟ ಲೋಹದ ಕೊಳವೆಯೊಳಗೆ ಕೆಟ್ಟಿರುವುದು ಬಹಳ ಸಲ ಹತ್ತಿ ಮಾತ್ರ. ತಂತಿ ಇನ್ನೂ ಗಟ್ಟಿಯಾಗಿಯೇ ಇರುತ್ತದೆ.

ಆರ್‌ಟಿಎ (ರೀಬಿಲ್ಡಬಲ್ ಟ್ಯಾಂಕ್ ಅಟಾಮೈಸರ್) ಅಂದರೆ ಆ ಹತ್ತಿಯನ್ನೂ ತಂತಿಯನ್ನೂ ನೀವೇ ಬದಲಾಯಿಸಬಹುದಾದ ಟ್ಯಾಂಕ್. ಕೆಳಗೆ ಎರಡು ಸ್ಕ್ರೂ ಇರುವ ಒಂದು ಡೆಕ್. ಅದರ ಮೇಲೆ ಒಂದು ಮುಚ್ಚಳ, ಅದನ್ನು ಚೇಂಬರ್ ಅನ್ನುತ್ತಾರೆ. ಸುತ್ತ ಗಾಜಿನ ಟ್ಯಾಂಕ್. ನೀವು ಸುತ್ತಿದ ಕಾಯಿಲ್ ಡೆಕ್ ಮೇಲೆ ಕೂರುತ್ತದೆ, ಅದರೊಳಗೆ ಹತ್ತಿಯ ಬತ್ತಿ ಹಾಯುತ್ತದೆ, ಬತ್ತಿಯ ಎರಡು ತುದಿ ಲಿಕ್ವಿಡ್ ಬರುವ ಕಾಲುವೆಗೆ ಇಳಿಯುತ್ತವೆ. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಇದು ಲಿಕ್ವಿಡ್ ಎಳೆದುಕೊಳ್ಳುತ್ತದೆ.

ಹೊಸಬರು ತಂತಿಯ ಬಗ್ಗೆ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ಯಾವ ತಂತಿ, ಎಷ್ಟು ಸುತ್ತು, ಎಷ್ಟು ಓಂ (ಕರೆಂಟಿಗೆ ತಂತಿ ಒಡ್ಡುವ ತಡೆಯ ಅಳತೆ) ಅಂತ. ಅದನ್ನು ಕಲಿಯಲು ಹತ್ತು ನಿಮಿಷ ಸಾಕು. ನಿಜವಾಗಿ ಕೈಗೆ ಪಳಗಬೇಕಾದದ್ದು ಬತ್ತಿ. ಲೀಕ್ ಆಗುವುದು, ಸುಟ್ಟ ರುಚಿ ಬರುವುದು, ಗುಳುಗುಳು ಸದ್ದು ಬರುವುದು, ಬಿಸಿ ಹನಿ ನಾಲಿಗೆಗೆ ಸಿಡಿಯುವುದು, ಇವೆಲ್ಲ ಹೆಚ್ಚಾಗಿ ಬತ್ತಿಯ ದೂರುಗಳೇ. ಅದಕ್ಕೇ ಈ ಬರಹದಲ್ಲಿ ಬತ್ತಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಇದು ಯಾರಿಗೆ, ಎಲ್ಲಿ

ಇದನ್ನು ಬರೆದಿರುವುದು ಬ್ರಿಟನ್‌ನಲ್ಲಿರುವ, 18 ವರ್ಷ ದಾಟಿದ, ಸಿಗರೇಟಿನಿಂದ ಈಗಾಗಲೇ ವೇಪಿಂಗ್‌ಗೆ ಬಂದಿರುವ ಕನ್ನಡಿಗರಿಗೆ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹೇಳುವುದು ಎರಡು ಮಾತು. ಸಿಗರೇಟಿಗಿಂತ ನಿಕೋಟಿನ್ ವೇಪಿಂಗ್‌ನ ಹಾನಿ ಕಡಿಮೆ, ಆದರೆ ಹಾನಿಯೇ ಇಲ್ಲ ಎಂದಲ್ಲ. ಸಿಗರೇಟು ಸೇದದವರು ವೇಪ್ ಶುರು ಮಾಡಲೇಬಾರದು. ನಾನೂ ಅದನ್ನೇ ಹೇಳುತ್ತೇನೆ. ನಿಕೋಟಿನ್ ಚಟ ಹಿಡಿಸುವ ವಸ್ತು. ನಿಮಗೆ ಆ ಚಟ ಇಲ್ಲದಿದ್ದರೆ ಈ ಆಟಿಕೆಯ ಚಂದ ನೋಡಿ ಒಳಗೆ ಬರಬೇಡಿ.

ಭಾರತದಲ್ಲಿರುವವರಿಗೆ ಇದು ಅಲ್ಲ. ಕರ್ನಾಟಕ ಸರ್ಕಾರ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತು. 2019ರಲ್ಲಿ ಕೇಂದ್ರದ ಕಾಯ್ದೆ ಬಂತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ಅದರಡಿ ಅಪರಾಧ. ಪೂರ್ತಿ ಸಾಧನಕ್ಕೆ ಮಾತ್ರವಲ್ಲ, ಅದರ ಯಾವುದೇ ಭಾಗಕ್ಕೂ ಆ ಕಾಯ್ದೆ ಅನ್ವಯಿಸುತ್ತದೆ. ದಾಸ್ತಾನಿಗೆ ಶಿಕ್ಷೆ ಬೇರೆ, ಉಳಿದವಕ್ಕೆ ಮೊದಲ ಸಲ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಾಗಾಗಿ ರಜೆಗೆ ಬೆಂಗಳೂರಿಗೋ ಮಂಗಳೂರಿಗೋ ಹೊರಟಾಗ ಆರ್‌ಟಿಎ, ಮಾಡ್ (ಟ್ಯಾಂಕ್ ಕೂರಿಸುವ, ಬ್ಯಾಟರಿ ಇರುವ ಭಾಗ), ಲಿಕ್ವಿಡ್ ಎಲ್ಲವನ್ನೂ ಬ್ರಿಟನ್‌ನ ಮನೆಯಲ್ಲೇ ಬಿಟ್ಟು ಹೊರಡಿ. ಊರಲ್ಲಿ ಸಿಗರೇಟಿಗೆ ಮರಳುವ ಭಯ ಇದ್ದರೆ ನಿಕೋಟಿನ್ ಗಮ್ ಅಥವಾ ಪ್ಯಾಚ್ ಬಗ್ಗೆ ಮೊದಲೇ ಫಾರ್ಮಸಿಯಲ್ಲಿ ಕೇಳಿಟ್ಟುಕೊಳ್ಳಿ. ಸಿಂಗಪುರದ ಮೇಲೆ ಹೋಗುವವರು ಇನ್ನೂ ಹುಷಾರಾಗಿರಬೇಕು. ಅಲ್ಲಿ 2018ರಿಂದ ವೇಪ್ ಇಟ್ಟುಕೊಳ್ಳುವುದೇ ಅಪರಾಧ.

ಬ್ರಿಟನ್‌ನಲ್ಲೂ ಮಿತಿಗಳಿವೆ. 2016ರ ನಿಯಮಗಳ ಪ್ರಕಾರ ಟ್ಯಾಂಕ್ 2 ಮಿ.ಲೀ. ಮೀರಬಾರದು. ನಿಕೋಟಿನ್ ಇರುವ ಲಿಕ್ವಿಡ್ ಬಾಟಲಿ 10 ಮಿ.ಲೀ. ಮೀರಬಾರದು. ನಿಕೋಟಿನ್ ಪ್ರಮಾಣ ಮಿ.ಲೀ.ಗೆ 20 ಮಿ.ಗ್ರಾಂ. ದಾಟಬಾರದು. ಒಂದೇ ಸಲ ಬಳಸಿ ಎಸೆಯುವ ವೇಪ್‌ಗಳ ಮಾರಾಟ 2025ರ ಜೂನ್ 1ರಿಂದ ನಿಂತುಹೋಗಿದೆ. ಎಸೆಯುವ ವೇಪ್‌ನಿಂದ ಬಂದವರಲ್ಲಿ ಕೆಲವರು ಈಗ ಆರ್‌ಟಿಎ ಕಡೆ ನೋಡುತ್ತಿರುವುದಕ್ಕೆ ಅದೂ ಒಂದು ಕಾರಣ.

ಎಂಥ ಆರ್‌ಟಿಎ ತಗೊಳ್ಳಬೇಕು

ದಮ್ ಎಳೆಯುವುದರಲ್ಲಿ ಎರಡು ಬಗೆ ಇದೆ. ಸಿಗರೇಟಿನ ಹಾಗೆ ಮೊದಲು ಬಾಯಿಗೆ, ಆಮೇಲೆ ಒಳಗೆ ಎಳೆದರೆ ಅದು ಎಂಟಿಎಲ್. ನೇರವಾಗಿ ಎದೆಗೇ ಎಳೆದರೆ ಡಿಎಲ್. ಡಿಎಲ್‌ಗೆ ಜಾಸ್ತಿ ವ್ಯಾಟ್ ಬೇಕು, ಜಾಸ್ತಿ ಲಿಕ್ವಿಡ್ ಖರ್ಚಾಗುತ್ತದೆ, ಬ್ಯಾಟರಿಯ ಮೇಲೆ ಭಾರವೂ ಜಾಸ್ತಿ. ಸಿಗರೇಟಿನಿಂದ ಬಂದವರಿಗೆ ಎಂಟಿಎಲ್ ಸಲೀಸು. ಕಲಿಯುವುದಕ್ಕೂ ಅದೇ ಒಳ್ಳೆಯದು, ಯಾಕೆಂದರೆ ಒಂದೇ ಕಾಯಿಲ್, ಕಡಿಮೆ ವ್ಯಾಟ್, ತಪ್ಪಾದರೂ ಅಪಾಯ ಕಡಿಮೆ.

22 ಮಿ.ಮೀ. ಅಗಲದ, ಒಂದೇ ಕಾಯಿಲ್ ಕೂರುವ, ಮೇಲಿಂದ ಲಿಕ್ವಿಡ್ ತುಂಬುವ ಎಂಟಿಎಲ್ ಆರ್‌ಟಿಎ ಹುಡುಕಿ. ವ್ಯಾಂಡಿ ವೇಪ್‌ನ ಬರ್ಸರ್ಕರ್ ಮಿನಿ, ಡಿಜಿಫ್ಲೇವರ್‌ನ ಸೈರನ್ ಈ ಜಾತಿಯವು. ಗೀಕ್‌ವೇಪ್‌ನ ಝ್ಯೂಸ್ ಬೇರೆ ಜಾತಿಯದು. ಅದರಲ್ಲಿ ಗಾಳಿ ಮೇಲಿಂದ ಬರುವುದರಿಂದ ಲೀಕ್ ಕಡಿಮೆ, ಆದರೆ ಅದು ಡಿಎಲ್‌ಗೆ ಮಾಡಿದ ಟ್ಯಾಂಕ್. ಕಾಯಿಲ್‌ನ ಕಾಲಿಗೆ (ಸ್ಕ್ರೂ ಕೆಳಗೆ ಸಿಕ್ಕಿಸುವ ತಂತಿಯ ತುದಿಗೆ) ತಕ್ಕ ಸ್ಕ್ರೂ ಇದೆಯಾ, ಡೆಕ್ ಮೇಲೆ ಬೆರಳು ಆಡಿಸಲು ಜಾಗ ಇದೆಯಾ ಅಂತ ಅಂಗಡಿಯಲ್ಲೇ ಬಿಚ್ಚಿ ನೋಡಿ. ಚಂದಕ್ಕಿಂತ ಅದು ಮುಖ್ಯ.

ಇದರ ಜೊತೆ ಬೇಕಾದ ಸಾಮಾನು ಹೀಗೆ. 28 ಗೇಜ್ ಕಾಂತಲ್ ತಂತಿಯ ಒಂದು ಸುರುಳಿ, ವೇಪಿಂಗ್‌ಗೆಂದೇ ಮಾರುವ ಹತ್ತಿ, 2.5 ಮಿ.ಮೀ. ದಪ್ಪದ ಸುತ್ತುವ ಕಡ್ಡಿ, ತಂತಿ ಕತ್ತರಿಸುವ ಚಿಕ್ಕ ಕಟರ್, ಸಣ್ಣ ಚೂಪು ಕತ್ತರಿ, ಸೆರಾಮಿಕ್ ತುದಿಯ ಚಿಮಟ, ಆರ್‌ಟಿಎ ಜೊತೆ ಬರುವ ಸ್ಕ್ರೂಡ್ರೈವರ್. ಇವೆಲ್ಲ ಸೇರಿದ ಟೂಲ್ ಕಿಟ್ ಸಿಗುತ್ತದೆ. ಸೆರಾಮಿಕ್ ಚಿಮಟ ಮಾತ್ರ ಬಿಡಬೇಡಿ. ಅದು ಕರೆಂಟ್ ಹಾಯಿಸುವುದಿಲ್ಲ, ಬಿಸಿಗೂ ಜಗ್ಗುವುದಿಲ್ಲ.

ಖರ್ಚಿನ ಲೆಕ್ಕ ನೋಡಿ. 10 ಮೀಟರ್ ತಂತಿಯ ಸುರುಳಿ ನಾಲ್ಕೈದು ಪೌಂಡ್. ಹಿಡಿದುಕೊಳ್ಳಲು ಬಿಡುವ ತುದಿ ಸೇರಿ ಒಂದು ಕಾಯಿಲ್‌ಗೆ 10 ಸೆಂ.ಮೀ. ಅಂದುಕೊಂಡರೂ 100 ಕಾಯಿಲ್ ಆಗುತ್ತದೆ.

ಮಾಡ್ ಮತ್ತು ಬ್ಯಾಟರಿ

ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಮೊದಲ ಆರ್‌ಟಿಎಯನ್ನು ರೆಗ್ಯುಲೇಟೆಡ್ ಮಾಡ್ ಮೇಲೆ ಮಾತ್ರ ಕೂರಿಸಿ. ಪರದೆ ಇರುವ, ಓಂ ತೋರಿಸುವ, ವ್ಯಾಟ್ ಬದಲಾಯಿಸಲು ಬರುವ ಮಾಡ್ ಅದು. ಶಾರ್ಟ್ ಆದರೆ ಅದು ಕರೆಂಟ್ ಕೊಡುವುದಿಲ್ಲ. ಮೆಕ್ಯಾನಿಕಲ್ ಮಾಡ್‌ನಲ್ಲಿ ಹಾಗೆ ತಡೆಯುವ ಸರ್ಕ್ಯೂಟ್ ಇಲ್ಲ. ಬ್ಯಾಟರಿಯಿಂದ ನೇರವಾಗಿ ಕಾಯಿಲ್‌ಗೆ ಕರೆಂಟ್ ಹೋಗುತ್ತದೆ.

ಯಾಕೆ ಇಷ್ಟು ಹೇಳಬೇಕು? ಲೆಕ್ಕ ಮಾಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ 4.2 ವೋಲ್ಟ್. ಮೆಕ್ಯಾನಿಕಲ್ ಮಾಡ್ ಮೇಲೆ 0.15 ಓಂ ಕಾಯಿಲ್ ಇಟ್ಟರೆ 4.2 ಭಾಗಿಸು 0.15, ಅಂದರೆ 28 ಆಂಪ್. ಸ್ಯಾಮ್‌ಸಂಗ್ 25ಆರ್‌ನಂಥ ಒಳ್ಳೆಯ ಬ್ಯಾಟರಿಯ ಸತತ ಮಿತಿಯೇ 20 ಆಂಪ್. ಮಿತಿ ದಾಟಿದ ಲಿಥಿಯಂ ಬ್ಯಾಟರಿ ಬಿಸಿಯಾಗುತ್ತದೆ, ಹೊಗೆ ಉಗುಳುತ್ತದೆ, ಸಿಡಿಯಲೂಬಹುದು. ನಾವು ಕಟ್ಟಲಿರುವ ಕಾಯಿಲ್ 1 ಓಂ ಸುಮಾರಿನದು, ಓಡಿಸುವುದು 12 ವ್ಯಾಟ್‌ನಲ್ಲಿ. ಅದಕ್ಕೆ ಕಾಯಿಲ್‌ನಲ್ಲಿ ಹರಿಯುವುದು ಮೂರೂವರೆ ಆಂಪ್ ಅಷ್ಟೇ. ಎರಡರ ನಡುವಿನ ಅಂತರ ನೋಡಿದರೆ ಸಾಕಲ್ವಾ?

ಮಾಡ್‌ಗಳಲ್ಲಿ ಹೆಚ್ಚಾಗಿ ಬಳಸುವುದು 18650 ಬ್ಯಾಟರಿ. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ನಂಬಿಕೆಯ ಅಂಗಡಿಯಲ್ಲೇ ಕೊಳ್ಳಿ, ನಕಲಿ ಬಹಳ ಇವೆ. 18650ಯಲ್ಲಿ 35 ಅಥವಾ 40 ಆಂಪ್ ಸತತ ಕೊಡುತ್ತೇವೆ ಅಂತ ಕವಚದ ಮೇಲೆ ದೊಡ್ಡದಾಗಿ ಬರೆದುಕೊಂಡಿದ್ದರೆ ಸುಮ್ಮನೆ ನಂಬಬೇಡಿ. ಪ್ಲಾಸ್ಟಿಕ್ ಕವಚ ಹರಿದಿದ್ದರೆ ಬಳಸಬೇಡಿ. ಬಿಡಿ ಬ್ಯಾಟರಿಯನ್ನು ಕೀಲಿ, ನಾಣ್ಯ ಇರುವ ಜೇಬಿಗೆ ಯಾವತ್ತೂ ಹಾಕಬೇಡಿ. ಪ್ಲಾಸ್ಟಿಕ್ ಡಬ್ಬಿ ಒಂದೆರಡು ಪೌಂಡ್‌ಗೆ ಸಿಗುತ್ತದೆ. ವೇಪಿಂಗ್‌ನಲ್ಲಿ ಕೇಳಿಬರುವ ಸುಟ್ಟಗಾಯದ ಕಥೆಗಳಲ್ಲಿ ಎಷ್ಟೋ ಈ ಜೇಬಿನ ಕಥೆಗಳೇ.

ತೊಳೆಯುವುದರಿಂದ ಶುರು

ಹೊಸ ಆರ್‌ಟಿಎ ಒಳಗೆ ಕಾರ್ಖಾನೆಯ ಎಣ್ಣೆಯ ಪಸೆ ಇರುತ್ತದೆ. ಪೂರ್ತಿ ಬಿಚ್ಚಿ. ಯಾವ ಭಾಗ ಎಲ್ಲಿತ್ತು ಅಂತ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ರಬ್ಬರಿನ ಓ-ರಿಂಗ್‌ಗಳು ಎಲ್ಲೆಲ್ಲಿವೆ ಅಂತ ಗಮನಿಸಿ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿದ ಬೆಚ್ಚಗಿನ ನೀರಿನಲ್ಲಿ ತೊಳೆದು, ಚೆನ್ನಾಗಿ ಜಾಲಾಡಿ, ಬಟ್ಟೆಯ ಮೇಲೆ ಒಣಗಲು ಬಿಡಿ. ಸಿಂಕಿನ ತೂತು ಮೊದಲು ಮುಚ್ಚಿ, ಸ್ಕ್ರೂ ಬಿದ್ದರೆ ಸಿಗುವುದಿಲ್ಲ. ಪೂರ್ತಿ ಒಣಗದೆ ಮಾಡ್ ಮೇಲೆ ಕೂರಿಸಬೇಡಿ.

ಕಾಯಿಲ್ ಸುತ್ತುವುದು

ಮೊದಲ ಕಟ್ಟುವಿಕೆಗೆ ಕಾಂತಲ್ ಎ1 ಸಾಕು. ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿದ ಮಿಶ್ರಲೋಹ ಇದು. ಸ್ವೀಡನ್‌ನ ಹಾಲ್‌ಸ್ಟಾಹಮ್ಮಾರ್ ಊರಿನ ಕಂಪನಿಯದು, ಮೂಲತಃ ಕುಲುಮೆಗಳಿಗೆ ಮಾಡಿದ ತಂತಿ. ಗಟ್ಟಿಯಾಗಿ ಆಕಾರ ಹಿಡಿದುಕೊಳ್ಳುತ್ತದೆ, ಅಗ್ಗ, ಬಿಸಿಯಾದರೂ ಓಂ ಬದಲಾಗುವುದು ತೀರಾ ಕಡಿಮೆ. ನಿಕ್ರೋಮ್ 80 ಬೇಗ ಬಿಸಿಯಾಗುತ್ತದೆ, ರುಚಿಯೂ ಒಳ್ಳೆಯದು ಅನ್ನುವವರಿದ್ದಾರೆ, ಆದರೆ ಅದರಲ್ಲಿ 80 ಭಾಗ ನಿಕ್ಕಲ್. ವಾಚಿನ ಪಟ್ಟಿಗೋ ಕಿವಿಯೋಲೆಗೋ ಚರ್ಮ ಕೆರೆಯುವವರು ಅದರಿಂದ ದೂರ ಇರುವುದು ಒಳ್ಳೆಯದು. ಶುದ್ಧ ನಿಕ್ಕಲ್ ಮತ್ತು ಟೈಟಾನಿಯಂ ತಂತಿಗಳು ತಾಪಮಾನ ನಿಯಂತ್ರಣದಲ್ಲಿ ಮಾತ್ರ ಬಳಸಬೇಕಾದವು. ಈಗ ಅವುಗಳ ತಂಟೆ ಬೇಡ.

28 ಗೇಜ್ ತಂತಿಯ ದಪ್ಪ 0.32 ಮಿ.ಮೀ. ಕಾಂತಲ್‌ನಲ್ಲಿ ಅದರ ಪ್ರತಿರೋಧ ಮೀಟರಿಗೆ ಸುಮಾರು 18 ಓಂ. 2.5 ಮಿ.ಮೀ. ಕಡ್ಡಿಗೆ 6 ಸುತ್ತು ಹಾಕಿದರೆ, ಸ್ಕ್ರೂವರೆಗಿನ ಕಾಲುಗಳೂ ಸೇರಿ, ಸುಮಾರು 58 ಮಿ.ಮೀ. ತಂತಿ ಕೆಲಸಕ್ಕೆ ಬರುತ್ತದೆ. ಹತ್ತಿರ ಹತ್ತಿರ 1.05 ಓಂ. ಇದೇ ಅಳತೆಯಲ್ಲಿ ನಿಕ್ರೋಮ್ ಆಗಿದ್ದರೆ 0.8, ಸ್ಟೇನ್‌ಲೆಸ್ 316ಎಲ್ ಆಗಿದ್ದರೆ 0.55ರ ಆಸುಪಾಸು. ತಂತಿ ಬದಲಾದರೆ ಲೆಕ್ಕ ಎಷ್ಟು ಬದಲಾಗುತ್ತದೆ ನೋಡಿ. ಸುರುಳಿಯ ಮೇಲಿನ ಲೇಬಲ್ ಕಿತ್ತು ಎಸೆಯಬೇಡಿ, ಆಮೇಲೆ ಯಾವುದು ಯಾವ ತಂತಿ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ.

ಸುತ್ತುವುದು ಹೀಗೆ. 10 ಸೆಂ.ಮೀ. ತಂತಿ ಕತ್ತರಿಸಿ. ಒಂದು ತುದಿಯನ್ನು ಕಡ್ಡಿಗೆ ಒತ್ತಿ ಹೆಬ್ಬೆರಳಲ್ಲಿ ಹಿಡಿಯಿರಿ. ಇನ್ನೊಂದು ತುದಿಯನ್ನು ಬಿಗಿಯಾಗಿ ಎಳೆಯುತ್ತಾ ಸುತ್ತಿ. ಸಡಿಲ ಬಿಟ್ಟರೆ ಸುತ್ತುಗಳು ಒಂದೊಂದು ಗಾತ್ರದವಾಗುತ್ತವೆ. ಸುತ್ತುಗಳ ನಡುವೆ ಒಂದು ಕೂದಲೆಳೆಯಷ್ಟು ಜಾಗ ಇರಲಿ ಅನ್ನುವುದು ನನ್ನ ಸಲಹೆ. ಅಂಟಿಕೊಂಡ ಸುತ್ತುಗಳ ಕಾಯಿಲ್ ಚೆನ್ನಾಗಿಯೇ ನಡೆಯುತ್ತದೆ, ಆದರೆ ಒಂದೆರಡು ಸುತ್ತು ಸರಿಯಾಗಿ ಅಂಟದೆ ಅಲ್ಲಿ ಮಾತ್ರ ಕಾದು ಕೆಂಪಾಗುವುದು ಹೊಸಬರಿಗೆ ದೊಡ್ಡ ತಲೆನೋವು. ಬಿಡಿ ಸುತ್ತುಗಳಲ್ಲಿ ಆ ಕಾಟ ಕಡಿಮೆ. ಕೊನೆಗೆ ಎರಡೂ ಕಾಲುಗಳು ಡೆಕ್‌ನ ಸ್ಕ್ರೂಗಳು ಇರುವ ದಿಕ್ಕಿಗೆ ಹೊರಟಿರಬೇಕು. ಕೆಲವು ಡೆಕ್‌ನಲ್ಲಿ ಎರಡೂ ಒಂದೇ ಕಡೆ, ಕೆಲವದರಲ್ಲಿ ಎದುರುಬದುರು. ಸುತ್ತುವ ಮೊದಲೇ ಡೆಕ್ ಪಕ್ಕದಲ್ಲಿಟ್ಟು ನೋಡಿಕೊಳ್ಳಿ.

ಡೆಕ್ ಮೇಲೆ ಕೂರಿಸುವುದು

ಕಡ್ಡಿಯನ್ನು ಕಾಯಿಲ್‌ನೊಳಗೇ ಬಿಟ್ಟು ಕೂರಿಸಿ. ಹಿಡಿದುಕೊಳ್ಳಲೂ ಆಗುತ್ತದೆ, ಆಕಾರವೂ ಕೆಡುವುದಿಲ್ಲ. ಕಾಲುಗಳನ್ನು ಸ್ಕ್ರೂಗಳ ಕೆಳಗೆ ತೂರಿಸಿ. ಸ್ಕ್ರೂ ಬಲಕ್ಕೆ ತಿರುಗುವಾಗ ತಂತಿಯನ್ನು ತನ್ನ ಕಡೆಗೇ ಎಳೆದುಕೊಳ್ಳುವ ಬದಿಯಲ್ಲಿ ಕಾಲು ಇರಬೇಕು. ಇಲ್ಲದಿದ್ದರೆ ಬಿಗಿ ಮಾಡಿದಷ್ಟೂ ತಂತಿ ಹೊರಗೆ ಜಾರುತ್ತದೆ. ಗಟ್ಟಿಯಾಗಿ ಬಿಗಿಯಿರಿ, ಆದರೆ ಮೈಮೇಲೆ ಬಿದ್ದು ಬಿಗಿಯಬೇಡಿ. ಸಣ್ಣ ತಂತಿ ತುಂಡಾಗುತ್ತದೆ, ಸ್ಕ್ರೂ ತಲೆಯೂ ಸವೆಯುತ್ತದೆ.

ಕಾಯಿಲ್ ಗಾಳಿತೂತಿನ ನೇರ ಮೇಲೆ, ಒಂದು ಒಂದೂವರೆ ಮಿ.ಮೀ. ಎತ್ತರದಲ್ಲಿ ಇರಲಿ. ಡೆಕ್‌ನ ಮಧ್ಯದಲ್ಲಿರಲಿ. ಚೇಂಬರ್ ಮುಚ್ಚಿದಾಗ ಅದರ ಗೋಡೆಗೆ ತಾಗಬಾರದು. ಈಗ ಸ್ಕ್ರೂಗಳಿಂದ ಹೊರಗೆ ಚಾಚಿದ ತುದಿಗಳನ್ನು ಬುಡಕ್ಕೇ ಕತ್ತರಿಸಿ. ಇಲ್ಲಿ ಅರ್ಧ ಮಿ.ಮೀ. ತುದಿ ಉಳಿದು ಚೇಂಬರ್‌ಗೆ ತಾಗಿದರೂ ಶಾರ್ಟ್ ಆಗುತ್ತದೆ. ಬಿಚ್ಚಿಟ್ಟಾಗ ಚೆನ್ನಾಗಿದ್ದ ಕಾಯಿಲ್, ಮುಚ್ಚಿದ ಕೂಡಲೇ ಶಾರ್ಟ್ ಅಂತ ತೋರಿಸಿದರೆ ಮೊದಲು ನೋಡಬೇಕಾದದ್ದು ಈ ತುದಿಗಳನ್ನೇ. ಕತ್ತರಿಸಿದ ಚೂರು ಹಾರದ ಹಾಗೆ ಬೆರಳು ಅಡ್ಡ ಹಿಡಿಯಿರಿ, ಕಣ್ಣಿಗೆ ಬಿದ್ದೀತು.

ಡೆಕ್ ಅನ್ನು ಮಾಡ್ ಮೇಲೆ ತಿರುಗಿಸಿ ಓಂ ನೋಡಿ. 0.95ರಿಂದ 1.15ರ ನಡುವೆ ಬಂದರೆ ಸರಿ. ಅಂಕಿ ನಿಲ್ಲದೆ ಕುಣಿಯುತ್ತಿದ್ದರೆ ಸ್ಕ್ರೂ ಸಡಿಲ. ತೀರಾ ಕಡಿಮೆ ಬಂದರೆ ಕಾಲು ಎಲ್ಲೋ ತಾಗಿದೆ. ಮುಂದೆ ಹೋಗುವ ಮೊದಲೇ ಸರಿ ಮಾಡಿಕೊಳ್ಳಿ.

ಈಗ ವ್ಯಾಟ್ ಅನ್ನು 8ಕ್ಕೆ ಇಳಿಸಿ, ಕಡ್ಡಿ ತೆಗೆದು, ಬಟನ್ ಅನ್ನು ಒಂದೊಂದು ಕ್ಷಣ ಒತ್ತಿ ಬಿಡಿ. ಕಾಯಿಲ್ ನಡುವಿನಿಂದ ಹೊರಕ್ಕೆ ಸಮನಾಗಿ ಮಂದವಾಗಿ ಕೆಂಪಾಗಬೇಕು. ಕಾಲು ಮೊದಲು ಕೆಂಪಾದರೆ ಅಲ್ಲಿ ಸ್ಕ್ರೂ ಬಿಗಿ ಇಲ್ಲ, ಅಥವಾ ಕಾಲು ಉದ್ದವಾಗಿದೆ. ಒಂದು ಸುತ್ತು ಮಾತ್ರ ಹೊಳೆದರೆ ಸೆರಾಮಿಕ್ ಚಿಮಟದ ತುದಿಯಿಂದ ಮೆಲ್ಲಗೆ ತಂತಿ ಮೀಟಿ. ಲೋಹದ ಚಿಮಟವನ್ನು ಬಟನ್ ಒತ್ತಿರುವಾಗ ತಾಗಿಸಲೇಬೇಡಿ. ಈ ಪರೀಕ್ಷೆಯನ್ನು ಬೇಕಾದ್ದಕ್ಕಿಂತ ಜಾಸ್ತಿ ಮಾಡಬೇಡಿ, ಕಣ್ಣು ಕುಕ್ಕುವಷ್ಟು ಕೆಂಪಾಗಿಸುವುದೂ ಬೇಡ. ಕಿಟಕಿ ತೆರೆದಿರಲಿ, ಆ ಹೊಗೆ ಒಳಗೆ ಎಳೆದುಕೊಳ್ಳಬೇಡಿ. ಹತ್ತಿ ಹಾಕಿದ ಮೇಲಂತೂ ಒಣಗಿದ ಕಾಯಿಲ್ ಮೇಲೆ ಬಟನ್ ಒತ್ತಲೇಬಾರದು.

ಬತ್ತಿ

ಎಲ್ಲಕ್ಕಿಂತ ನಿಧಾನವಾಗಿ ಮಾಡಬೇಕಾದ ಕೆಲಸ ಇದು. ಕೈ ತೊಳೆದು ಒರೆಸಿಕೊಳ್ಳಿ.

ಹತ್ತಿಯಿಂದ ಒಂದು ಎಳೆಪಟ್ಟಿ ಎಳೆದುಕೊಳ್ಳಿ. ನಾರುಗಳು ಉದ್ದಕ್ಕೆ ಸಾಗುವ ದಿಕ್ಕಿನಲ್ಲೇ ಎಳೆಯಬೇಕು, ಅಡ್ಡಕ್ಕಲ್ಲ. ಲಿಕ್ವಿಡ್ ಹರಿಯುವುದು ನಾರಿನ ಉದ್ದಕ್ಕೇ. ಒಂದು ತುದಿಯನ್ನು ಬೆರಳಲ್ಲಿ ಹೊಸೆದು ಚೂಪು ಮಾಡಿ ಕಾಯಿಲ್‌ನೊಳಗೆ ತೂರಿಸಿ, ಆ ಕಡೆಯಿಂದ ಎಳೆಯಿರಿ. ಎಳೆಯುವಾಗ ಸ್ವಲ್ಪ ಬಿಗಿ ಅನ್ನಿಸಬೇಕು, ಆದರೆ ಕಾಯಿಲ್ ಅಲುಗಬಾರದು. ಸಲೀಸಾಗಿ ಜಾರಿದರೆ ಹತ್ತಿ ಕಡಿಮೆಯಾಗಿದೆ. ತಂತಿಯ ಒಳಮೈಗೆ ಹತ್ತಿ ತಾಗದ ಕಡೆ ಲಿಕ್ವಿಡ್ ಸಿಗದೆ ಒಣಗಿ ಕಾಯುತ್ತದೆ, ಬೇರೆ ಕಡೆ ಹನಿಗಟ್ಟಿ ಸಿಡಿಯುತ್ತದೆ. ಎಳೆಯುವಾಗ ಕಾಯಿಲ್ ಓರೆಯಾಯಿತು ಅಂದರೆ ಹತ್ತಿ ಜಾಸ್ತಿ. ಹೊರತೆಗೆದು ಕೆಲವು ಎಳೆ ಕಿತ್ತು ಮತ್ತೆ ಹಾಕಿ. ಹತ್ತಿಗೆ ಜಿಪುಣತನ ಬೇಡ, ಅದರಷ್ಟು ಅಗ್ಗದ್ದು ಇಲ್ಲಿ ಬೇರೆ ಇಲ್ಲ.

ಈಗ ಎರಡೂ ಕಡೆ ಬಾಲಗಳಿವೆ. ಬಾಲ ಎಷ್ಟು ಉದ್ದ ಇರಬೇಕು ಅನ್ನುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಬಾಲವನ್ನು ನೇರವಾಗಿ ಹೊರಕ್ಕೆ ಚಾಚಿ ಹಿಡಿದು, ಡೆಕ್‌ನ ಹೊರ ಅಂಚಿನ ನೇರಕ್ಕೆ ಕತ್ತರಿಸಿ. ಬಹುತೇಕ ಎಂಟಿಎಲ್ ಡೆಕ್‌ಗಳಿಗೆ ಈ ಅಳತೆ ಶುರುವಿಗೆ ಸರಿಯಾಗುತ್ತದೆ. ಮೊದಲು ಅಂಚಿಗಿಂತ ತುಸು ಉದ್ದವಾಗಿಯೇ ಕತ್ತರಿಸಿ, ಆಮೇಲೆ ಗಿಡ್ಡ ಮಾಡಬಹುದು. ಗಿಡ್ಡವಾದದ್ದನ್ನು ಉದ್ದ ಮಾಡಲು ಆಗುವುದಿಲ್ಲ.

ಆಮೇಲೆ ಚಿಮಟದ ತುದಿಯಿಂದ ಬಾಲಗಳನ್ನು ಬಾಚಿ, ನಾರುಗಳನ್ನು ಬಿಡಿಸಿ. ಕೆಳಬದಿಯಿಂದ ಕೆಲವು ನಾರು ಕತ್ತರಿಸಿ ತುದಿಯನ್ನು ತೆಳು ಮಾಡಿ. ಕಾಯಿಲ್‌ನೊಳಗೆ ತುಂಬಿಕೊಂಡಿರಬೇಕು, ಕಾಲುವೆಯಲ್ಲಿ ಹಗುರಾಗಿರಬೇಕು. ಇದೊಂದು ಮಾತು ಕೈಗೆ ಬಂದರೆ ಬತ್ತಿ ಬಂದ ಹಾಗೆಯೇ.

ಬಾಲಗಳ ಮೇಲೆ ಎರಡು ಹನಿ ಲಿಕ್ವಿಡ್ ಹಾಕಿ. ಒದ್ದೆ ಹತ್ತಿ ಹೇಳಿದ ಮಾತು ಕೇಳುತ್ತದೆ. ಈಗ ಬಾಲಗಳನ್ನು ಮೆಲ್ಲಗೆ ಕಾಲುವೆಗಳಿಗೆ ಇಳಿಸಿ. ತುದಿ ಕಾಲುವೆಯ ತಳಕ್ಕೆ ತಾಗಿದರೆ ಸಾಕು. ತುರುಕಬಾರದು, ಒತ್ತಬಾರದು. ಲಿಕ್ವಿಡ್ ಒಳಬರುವ ತೂತು ಹತ್ತಿಯಿಂದ ಪೂರ್ತಿ ಮುಚ್ಚಿರಬೇಕು. ಪಕ್ಕದಲ್ಲಿ ಸಂದು ಉಳಿದರೆ ಅಲ್ಲಿಂದ ಲಿಕ್ವಿಡ್ ನುಗ್ಗಿ ಗಾಳಿತೂತಿನಿಂದ ಜೇಬಿಗೆ ಇಳಿಯುತ್ತದೆ. ಹತ್ತಿಯ ಯಾವ ಎಳೆಯೂ ಗಾಳಿತೂತಿನ ಮೇಲೆ ಬಿದ್ದಿರಬಾರದು, ಸ್ಕ್ರೂ ದಾರದಲ್ಲಿ ಸಿಕ್ಕಿರಬಾರದು. ಕಾಯಿಲ್‌ನ ಕೆಳಗೆ ಜೋತ ಎಳೆಗಳನ್ನು ಕತ್ತರಿಸಿ ತೆಗೆಯಿರಿ.

ಔಷಧಿ ಅಂಗಡಿಯ ಪರಿಮಳ ಹಾಕಿದ ಹತ್ತಿ, ಮೇಕಪ್‌ನ ಸಿಂಥೆಟಿಕ್ ಪ್ಯಾಡ್ ಬೇಡ. ಸಿಂಥೆಟಿಕ್ ನಾರು ಬಿಸಿಗೆ ಕರಗುತ್ತದೆ.

ಲಿಕ್ವಿಡ್ ತುಂಬಿ ಕಾಯುವುದು

ಎಂಟಿಎಲ್‌ಗೆ ಪಿಜಿ ಮತ್ತು ವಿಜಿ ಅರ್ಧರ್ಧ ಇರುವ ಲಿಕ್ವಿಡ್ ಒಳ್ಳೆಯದು. ಪಿಜಿ ಅಂದರೆ ಪ್ರೊಪಿಲೀನ್ ಗ್ಲೈಕಾಲ್, ತೆಳು. ವಿಜಿ ಅಂದರೆ ಗ್ಲಿಸರಿನ್, ಮಂದ. ವಿಜಿ ನೂರಕ್ಕೆ 70 ಭಾಗ ದಾಟಿದರೆ ಇಷ್ಟು ಸಣ್ಣ ಬತ್ತಿಗೆ ಎಳೆಯುವುದು ಕಷ್ಟವಾಗುತ್ತದೆ, ಚಳಿಗಾಲದಲ್ಲಿ ಇನ್ನೂ ಕಷ್ಟ. ಅಡುಗೆಮನೆಯ ಎಸೆನ್ಸ್, ಎಣ್ಣೆ ಇರುವ ಯಾವುದನ್ನೂ ಸೇರಿಸಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಬಹಳ ಅಪಾಯ. ನಿಕೋಟಿನ್ ಶಾಟ್ (ಬೆರೆಸಲೆಂದೇ ಮಾರುವ, ನಿಕೋಟಿನ್ ಇರುವ ಚಿಕ್ಕ ಬಾಟಲಿ) ಬೆರೆಸುವವರಿಗೆ ಲೆಕ್ಕ ಸುಲಭ: 50 ಮಿ.ಲೀ. ನಿಕೋಟಿನ್ ಇಲ್ಲದ ಲಿಕ್ವಿಡ್‌ಗೆ ಮಿ.ಲೀ.ಗೆ 18 ಮಿ.ಗ್ರಾಂ. ಇರುವ 10 ಮಿ.ಲೀ. ಶಾಟ್ ಒಂದು ಹಾಕಿದರೆ ಒಟ್ಟು 60 ಮಿ.ಲೀ.ನಲ್ಲಿ ಮಿ.ಲೀ.ಗೆ 3 ಮಿ.ಗ್ರಾಂ. ಆಗುತ್ತದೆ. ಎಂಟಿಎಲ್‌ನಲ್ಲಿ ದಮ್ ಸಣ್ಣದು, ಅದಕ್ಕೆ 3 ಸಾಲದು ಅನ್ನಿಸಿ ಕೆಲವರು ಪದೇಪದೇ ಎಳೆಯುತ್ತಾರೆ. ನಿಮಗೆ ಈಗಾಗಲೇ ಒಗ್ಗಿರುವ ಪ್ರಮಾಣವನ್ನೇ ಇಟ್ಟುಕೊಳ್ಳಿ. ಬಾಟಲಿಗಳು ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಸಿಗದ ಕಡೆ ಇರಲಿ. ನಿಕೋಟಿನ್ ನುಂಗಿದರೆ ವಿಷ. ಕೈಗೆ ಚೆಲ್ಲಿದರೆ ಕೂಡಲೇ ತೊಳೆಯಿರಿ.

ಕಾಯಿಲ್ ಮೇಲೂ ಬಾಲಗಳ ಮೇಲೂ ಹನಿಹನಿಯಾಗಿ ಲಿಕ್ವಿಡ್ ಹಾಕಿ, ಹತ್ತಿಯ ಬಿಳಿ ಎಲ್ಲೂ ಕಾಣದಷ್ಟು. 9 ವ್ಯಾಟ್‌ನಲ್ಲಿ ಒಂದೆರಡು ಸಲ ಬಟನ್ ಒತ್ತಿ, ಹಬೆ ಎರಡೂ ಕಡೆ ಸಮನಾಗಿ ಏಳುತ್ತದಾ ನೋಡಿ. ಚೇಂಬರ್ ಮುಚ್ಚಿ, ಟ್ಯಾಂಕ್ ಕೂರಿಸಿ. ಮುಚ್ಚಿದ ಮೇಲೆ ಓಂ ಇನ್ನೊಮ್ಮೆ ನೋಡಿ, ಮೊದಲಿನ ಅಂಕಿಯೇ ಇರಬೇಕು.

ತುಂಬುವ ಮೊದಲು ಲಿಕ್ವಿಡ್ ಕಂಟ್ರೋಲ್ (ಕಾಲುವೆಗೆ ಲಿಕ್ವಿಡ್ ಬರುವುದನ್ನು ತೆರೆದು ಮುಚ್ಚುವ ವ್ಯವಸ್ಥೆ) ಇದ್ದರೆ ಮುಚ್ಚಿ, ಗಾಳಿತೂತನ್ನೂ ಮುಚ್ಚಿ. ತುಂಬಿ, ಮೇಲಿನ ಮುಚ್ಚಳ ಬಿಗಿದು, ಆಮೇಲೆ ತೆರೆಯಿರಿ. ಈ ಕ್ರಮ ತಪ್ಪಿದರೆ ಮುಚ್ಚಳ ತಿರುಗಿಸುವಾಗ ಒಳಗಿನ ಒತ್ತಡ ಲಿಕ್ವಿಡ್ ಅನ್ನು ಚೇಂಬರಿನೊಳಗೆ ತಳ್ಳುತ್ತದೆ. ಚೆನ್ನಾಗಿ ಕಟ್ಟಿದ ಬತ್ತಿಯೂ ಆಗ ಸೋರುತ್ತದೆ.

ಹತ್ತು ನಿಮಿಷ ಸುಮ್ನೆ ಬಿಡಿ. ಆಮೇಲೆ 9 ವ್ಯಾಟ್‌ನಲ್ಲಿ ಸಣ್ಣ ದಮ್ ಎಳೆಯಿರಿ. ಹೊಸ ಹತ್ತಿಯ ಸಪ್ಪೆ ರುಚಿ ಮೊದಲ ಕೆಲವು ದಮ್‌ನಲ್ಲಿ ಇರುತ್ತದೆ, ಹೋಗುತ್ತದೆ. ಅರ್ಧರ್ಧ ವ್ಯಾಟ್ ಏರಿಸುತ್ತಾ 11, 12ರ ಹತ್ತಿರ ಬನ್ನಿ. ರುಚಿ ತುಂಬಿದಾಗ ನಿಲ್ಲಿಸಿ. ಗಂಟಲಿಗೆ ಬಿಸಿ ಅನ್ನಿಸಿದರೆ ಇಳಿಸಿ.

ತೊಂದರೆ ಬಂದಾಗ

ಟ್ಯಾಂಕ್ ತುಂಬಿದ್ದರೂ ಸುಟ್ಟ ರುಚಿ ಬಂದರೆ ಕಾಲುವೆಯಲ್ಲಿ ಹತ್ತಿ ಜಾಸ್ತಿಯಾಗಿದೆ. ಆ ಹತ್ತಿಯಲ್ಲೇ ಎಳೆಯುತ್ತಾ ಹೋಗಬೇಡಿ, ಸುಟ್ಟ ರುಚಿ ಹೋಗುವುದೂ ಇಲ್ಲ, ಸುಟ್ಟ ಹತ್ತಿಯ ಹೊಗೆ ಒಳ್ಳೆಯದೂ ಅಲ್ಲ. ಬದಲಾಯಿಸಿ. ಬೇಗಬೇಗ ದಮ್ ಎಳೆದಾಗ ಮಾತ್ರ ಸುಟ್ಟ ರುಚಿ ಇಣುಕಿದರೆ ಬತ್ತಿ ಸರಿಯಾಗಿರುವುದಕ್ಕೆ ಸ್ವಲ್ಪದರಲ್ಲೇ ಇದೆ ಅಂತ ಅರ್ಥ. ಮುಂದಿನ ಸಲ ಬಾಲವನ್ನು ಇನ್ನೂ ತುಸು ತೆಳು ಮಾಡಿ.

ಗಾಳಿತೂತಿನಿಂದ ಸೋರಿದರೆ ಬಾಲ ಗಿಡ್ಡ, ಅಥವಾ ಒಳತೂತು ಪೂರ್ತಿ ಮುಚ್ಚಿಲ್ಲ. ಅದು ಸರಿ ಇದ್ದರೆ ಓ-ರಿಂಗ್ ನೋಡಿ. ತೊಳೆದ ಮೇಲೆ ಒಂದು ರಿಂಗ್ ಬಟ್ಟೆಗೆ ಅಂಟಿಕೊಂಡು ಉಳಿದಿರುವುದು ಆಗಾಗ ಆಗುವ ವಿಷಯ. ವಿಮಾನ ಹತ್ತುವಾಗ ಟ್ಯಾಂಕ್ ಖಾಲಿ ಇರಲಿ, ಮೇಲೆ ಹೋದಾಗ ಒತ್ತಡ ಇಳಿದು ಎಂಥ ಟ್ಯಾಂಕೂ ಸೋರುತ್ತದೆ. ಬ್ಯಾಟರಿ ಮತ್ತು ಮಾಡ್ ಕೈಚೀಲದಲ್ಲಿರಬೇಕು, ಚೆಕ್-ಇನ್ ಬ್ಯಾಗ್‌ನಲ್ಲಿ ಬಿಡುವುದಿಲ್ಲ.

ಗುಳುಗುಳು ಸದ್ದು ಬಂದರೆ ಚೇಂಬರ್‌ನಲ್ಲಿ ಲಿಕ್ವಿಡ್ ನಿಂತಿದೆ. ಟ್ಯಾಂಕ್ ಅನ್ನು ಮಾಡ್‌ನಿಂದ ಬಿಚ್ಚಿ, ಗಾಳಿತೂತಿಗೆ ಟಿಶ್ಯೂ ಹಿಡಿದು, ಮೇಲಿಂದ ಊದಿ. ಮತ್ತೆ ಬಂದರೆ ವ್ಯಾಟ್ ಕಡಿಮೆಯಾಯಿತಾ ನೋಡಿ. ವ್ಯಾಟ್ ಸಾಲದಿದ್ದರೂ ಲಿಕ್ವಿಡ್ ಹಬೆಯಾಗದೆ ಉಳಿಯುತ್ತದೆ.

ಬತ್ತಿ ಬದಲಾಯಿಸುವುದು

ರುಚಿ ಮಂಕಾದಾಗ ಬತ್ತಿಯ ಕಾಲ ಮುಗಿದಿದೆ. ದಿನವಿಡೀ ಬಳಸುವವರಿಗೆ ವಾರದೊಳಗೆ ಬದಲಾಯಿಸುವುದು ಚೆನ್ನ, ಸಿಹಿ ಲಿಕ್ವಿಡ್‌ನಲ್ಲಿ ಇನ್ನೂ ಬೇಗ. ಟ್ಯಾಂಕ್ ಖಾಲಿ ಮಾಡಿ, ಡೆಕ್ ಬಿಚ್ಚಿ, ಹಳೆಯ ಹತ್ತಿಯನ್ನು ಚಿಮಟದಿಂದ ಮೆಲ್ಲಗೆ ಎಳೆದು ತೆಗೆಯಿರಿ. ಕಾಯಿಲ್ ಮೇಲೆ ಕಪ್ಪು ಕಟ್ಟಿದ್ದರೆ ಕಡಿಮೆ ವ್ಯಾಟ್‌ನಲ್ಲಿ ಚಿಕ್ಕಚಿಕ್ಕದಾಗಿ ಬಟನ್ ಒತ್ತಿ ಸುಡಿ, ತಣ್ಣಗಾಗಲು ಬಿಡಿ, ನೀರಿನಲ್ಲಿ ತೊಳೆದು ಮೃದು ಬ್ರಷ್‌ನಿಂದ ಉಜ್ಜಿ, ಒಣಗಿಸಿ. ಬಿಸಿ ಇರುವಾಗಲೇ ನೀರಿಗೆ ಹಾಕಬೇಡಿ. ಸ್ಕ್ರೂ ಒಮ್ಮೆ ಬಿಗಿದು ನೋಡಿ, ಬಿಸಿ ತಣ್ಣಗಾಗುವ ಆಟದಲ್ಲಿ ಅದು ಸಡಿಲಾಗಿರುತ್ತದೆ. ಒಂದೇ ಕಾಯಿಲ್‌ನಲ್ಲಿ ಬತ್ತಿಯನ್ನು ಕೆಲವು ಸಲ ಬದಲಾಯಿಸಬಹುದು. ಕಪ್ಪು ಬಿಡದೆ ಹೋದರೆ, ತಂತಿಯಲ್ಲಿ ಗುಳಿ ಕಂಡರೆ, ಓಂ ಏರುತ್ತಾ ಹೋದರೆ ಹೊಸದು ಸುತ್ತಿ.

ಮೊದಲ ಕೆಲವು ವಾರ ಇದೇ ಕಾಯಿಲ್, ಇದೇ ಲಿಕ್ವಿಡ್, ಇದೇ ವ್ಯಾಟ್ ಇಟ್ಟುಕೊಂಡು ಬತ್ತಿಯನ್ನು ಮಾತ್ರ ಬದಲಾಯಿಸುತ್ತಾ ಹೋಗಿ. ಒಂದು ಸಲ ಬಾಲ ತುಸು ಉದ್ದ, ಇನ್ನೊಂದು ಸಲ ತುಸು ತೆಳು. ಎರಡು ಮೂರು ವಿಷಯ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಬತ್ತಿ ಕೈಗೆ ಕೂತ ಮೇಲೆ ನಿಕ್ರೋಮ್ ಆಗಲಿ, 3 ಮಿ.ಮೀ. ಕಾಯಿಲ್ ಆಗಲಿ ಪ್ರಯತ್ನಿಸಿ. ಪ್ರತಿ ಸಲ ಹೊಸ ತಂತಿ ಸುತ್ತಿದಾಗಲೂ ಬಟನ್ ಒತ್ತುವ ಮೊದಲು ಓಂ ನೋಡುವುದನ್ನು ಬಿಡಬೇಡಿ. ಹಳೆಯ ಬ್ಯಾಟರಿಗಳನ್ನು ಮನೆಯ ಕಸದ ಡಬ್ಬಿಗೆ ಹಾಕಬೇಡಿ, ಕಸದ ಲಾರಿಯಲ್ಲಿ ಅವು ಬೆಂಕಿ ಹಚ್ಚುತ್ತವೆ. ತುದಿಗಳಿಗೆ ಟೇಪ್ ಅಂಟಿಸಿ ಸೂಪರ್‌ಮಾರ್ಕೆಟ್‌ನ ಬ್ಯಾಟರಿ ಪೆಟ್ಟಿಗೆಗೋ ವೇಪ್ ಅಂಗಡಿಗೋ ಕೊಟ್ಟುಬಿಡಿ.